ಹೊಸ ಕಂಬಳಿಯ ತುಂಡು

ನ್ಯಾಮತಿ
ಸೋಮವಾರ, ತಾ. ೧೪-೨-೧೯೪೪

ಪ್ರೀತಿಯ ಅಣ್ಣ ಮರುಳಸಿದ್ದಪ್ಪನಿಗೆ, ನಿನ್ನ ತಮ್ಮ ಬೆನಕಪ್ಪನ ನಮಸ್ಕಾರ.

ಹೇಗಿದ್ದೀ ಅಣ್ಣ? ಕಾಲಿನ ಹುಣ್ಣು ಮಾಯಿತೇ? ಬೂಟಿನೊಳಗೆ ನೀರು ನಿಲ್ಲದಂತೆ ನೋಡಿಕೋ. ನಿನ್ನ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ಬರೀ ನಂಬರು. ಅಲ್ಲಿ ಚಳಿಯೋ ಸೆಕೆಯೋ ಎಂದು ಅಮ್ಮ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಮ್ಮ ಒಂದೇ ಹೊತ್ತು ಉಣ್ಣುತ್ತಾಳೆ. ಅಪ್ಪನ ಕೆಮ್ಮು ಹಾಗೇ ಇದೆ. ಇದುವರೆಗಿನ ಕಾಗದಗಳನ್ನು ಅಪ್ಪ ಹೇಳಿ ಮೇಷ್ಟ್ರು ಬರೆದದ್ದು. ಇದನ್ನು ನಾನೇ ಬರೆಯುತ್ತಿದ್ದೇನೆ, ಅಪ್ಪನಿಗೆ ಗೊತ್ತಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನೀನು ಸಂಕ್ರಾಂತಿಯ ಹೊತ್ತಿಗೆ ಬರೆದ ಕಾಗದವನ್ನು ಮೇಷ್ಟ್ರು ನಮ್ಮ ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಕೇಳಲು ಕೇರಿಯ ಜನ ಸೇರಿತ್ತು. ಸೂಲಗಿತ್ತಿ ಅಜ್ಜಮ್ಮ ಹೊತ್ತು ಮೀರುವವರೆಗೂ ಅತ್ತಿಗೆಯನ್ನು ಮನೆಯಲ್ಲೇ ಇಟ್ಟುಕೊಂಡು ಕೊಂದಳು, ಆ ಮುದುಕಿ ನಮ್ಮ ಹೊಸಿಲು ತುಳಿಯಬಾರದು, ಬೇರೆಯವರ ಮನೆಗೂ ಹೋಗಬಾರದು ಎಂದು ನೀನು ಬರೆದಿದ್ದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ನಾನು ಕಂಬಕ್ಕೆ ಆನಿಕೊಂಡು ನಿಂತಿದ್ದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ನಾಲ್ಕು ಜನ ಇದ್ದರೆ ಏಳುವುದಿಲ್ಲ. ಅವತ್ತಿನಿಂದ ಅಜ್ಜಮ್ಮನನ್ನು ಯಾರೂ ಕರೆಯುತ್ತಿಲ್ಲ. ನೀರಿಗೆ ಬಂದರೆ ಹೆಂಗಸರು ಕೊಡ ತಿರುಗಿಸಿಕೊಂಡು ನಿಲ್ಲುತ್ತಾರೆ. ನಿನ್ನನ್ನೂ ನನ್ನನ್ನೂ ಹೊರಗೆ ತಂದ ಕೈ ಅದು.

ಅಣ್ಣ, ಅತ್ತಿಗೆ ಸತ್ತದ್ದು ಅಜ್ಜಮ್ಮನಿಂದಲ್ಲ. ನನ್ನಿಂದ. ಹೇಗೆಂದು ಬರೆಯುತ್ತೇನೆ, ಪೂರ್ತಿ ಓದು.

ನೀನು ಸೈನ್ಯಕ್ಕೆ ಹೋಗುವಾಗ, ಬಾಡಿಗೆಗೆ ಓಡಿಸುತ್ತಿದ್ದ ಕಾರನ್ನು ನನಗೆ ಒಪ್ಪಿಸಿ, ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡು, ಪೆಟ್ರೋಲ್ ಕೂಪನ್ನು ಅತ್ತಿಗೆಯ ಹೆರಿಗೆಗೆ ಉಳಿಸಿಡು ಎಂದಿದ್ದೆ. ಹಾಗೇ ಮಾಡಿದೆ. ಎಣ್ಣೆ ಕಪ್ಪಾಗಿದೆ ಎಂದು ನಾನು ಬರೆಸಿದಾಗ, ಎಣ್ಣೆ ಸೋಸುವ ಡಬ್ಬಿಯೊಳಗಿನ ಕಾರ್ಟ್ರಿಜ್ ಬದಲಿಸು ಎಂದು ಉತ್ತರ ಕೊಟ್ಟೆ. ದಾವಣಗೆರೆಯಲ್ಲೂ ಶಿವಮೊಗ್ಗದಲ್ಲೂ ಕೇಳಿದೆ. ಯುದ್ಧ ಮುಗಿಯುವವರೆಗೆ ಬರುವುದಿಲ್ಲ ಎಂದರು. ಆಗ ನೀನೇ ಉಪಾಯ ಬರೆದೆ. ಹಳೆಯ ಕಾರ್ಟ್ರಿಜ್ ಬಿಚ್ಚಿ, ಒಳಗಿನ ತೂತಿನ ಕೊಳವೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದಕ್ಕೆ ಹಳೆಯ ಕಂಬಳಿ ತುಂಡನ್ನು ಬಿಗಿಯಾಗಿ ಸುತ್ತು ಎಂದೆ. ಹಳೆಯದು ಎನ್ನುವುದರ ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆ ಕಾಗದ ನನ್ನ ಹತ್ತಿರ ಇದೆ.

ಆಯುಧಪೂಜೆಯ ಬೆಳಿಗ್ಗೆ ಹಿತ್ತಲಿನಲ್ಲಿ ಗೋಣಿ ಹಾಸಿ ಕೂತೆ. ಬೋಲ್ಟು ಸಡಿಲಿಸಿ ಡಬ್ಬಿ ಇಳಿಸಿದರೆ ಒಳಗಿನದು ಹಳೇ ಕಾಕಂಬಿಯ ಹಾಗೆ ಗಟ್ಟಿಯಾಗಿತ್ತು. ಕೆರೆದು ತೊಳೆದೆ. ನನ್ನ ಕೈಯಲ್ಲಿ ಹಳೆಯ ಕಂಬಳಿ ಕಂಡು ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಪೂಜೆ ದಿನ ಗಾಡಿ ಹೊಟ್ಟೆಗೆ ಹರುಕು ತುರುಕ್ತೀಯೇನೋ? ಇಷ್ಟ್ ವರ್ಷ ಅನ್ನ ಕೊಟ್ಟೈತೆ ಅದು." ನನಗೂ ಸರಿಯೆನಿಸಿತು. ಕತ್ತಿ ಕುಡುಗೋಲಿಗೆಲ್ಲ ಹೊಸ ದಾರ ಕಟ್ಟುವಾಗ ನಿನ್ನ ಕಾರಿಗೆ ಮಾತ್ರ ಹಳೆಯದೇ? ಅತ್ತಿಗೆ ಬಾಣಂತನಕ್ಕೆಂದು ಕಂಬಳಿ ನೇಯ್ದು ಮಾರುವ ಜಗಳೂರಿನ ಜುಂಜಪ್ಪನಿಂದ ಕೊಂಡಿದ್ದ ಹೊಸ ಕಂಬಳಿಯನ್ನು ತಾನೇ ತಂದು, ಅಂಚಿನಿಂದ ಒಂದು ಮೊಳ ಕತ್ತರಿಸಿ ಕೊಟ್ಟಳು. "ಏನ್ ಮೈದುನಪ್ಪಾ, ಗಾಡಿಗೂ ಚಳಿ ಬಂದೈತಾ? ಹೊದಿಸ್ರಿ ಹೊದಿಸ್ರಿ, ನಿಮ್ಮಣ್ಣನ ಮೊದಲ್ನೇ ಹೆಂಡ್ತಿ ಅದು" ಎಂದು ನಕ್ಕಳು. ಸುತ್ತಿದೆ, ಕಾರ್ಕಿನ ಬಳೆ ಕೂರಿಸಿದೆ, ಡಬ್ಬಿ ಮುಚ್ಚಿ ಹೊಸ ಎಣ್ಣೆ ಹಾಕಿ ಚಾಲೂ ಮಾಡಿದೆ. ಎಲ್ಲೂ ಒಂದು ತೊಟ್ಟು ಸೋರಲಿಲ್ಲ. ಅಣ್ಣನೇ ಮಾಡಿದ ಹಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅದಾಗಿ ಒಂದು ತಿಂಗಳಿಗೆ ಅತ್ತಿಗೆಗೆ ನೋವು ಬಂತು. ನಸುಕಿನಲ್ಲಿ ಅಜ್ಜಮ್ಮ ಬಂದಳು. ಹೊಟ್ಟೆ ಮುಟ್ಟಿ ನೋಡಿ ಎಲೆಅಡಿಕೆ ಮೆಲ್ಲುವಷ್ಟು ಹೊತ್ತೂ ಕಾಯಲಿಲ್ಲ. "ಕೂಸು ಅಡ್ಡ ಬಿದ್ದೈತೆ, ಇದು ನನ್ನ ಕೈಲಿ ಆಗಾಕಿಲ್ಲ. ಬೆನಕಪ್ಪಾ, ಕಾರು ತೆಗಿ, ಹೊನ್ನಾಳಿಗೆ ನಡಿ" ಎಂದಳು. ಇದು ನಾನು ಕಿವಿಯಾರೆ ಕೇಳಿದ ಮಾತು ಅಣ್ಣ. ಹೊತ್ತು ಇನ್ನೂ ಹುಟ್ಟಿರಲಿಲ್ಲ.

ಅತ್ತಿಗೆಯನ್ನು ಹಿಂದೆ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಮ್ಮ ಕೂತಳು. ಅಪ್ಪ ನನ್ನ ಪಕ್ಕದಲ್ಲಿ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಮುಳ್ಳು ಇಳಿದರೆ ಅಲ್ಲೇ ನಿಲ್ಲಿಸು, ದೇವರೇ ಬಂದು ಓಡಿಸು ಎಂದರೂ ಓಡಿಸಬೇಡ ಎಂದು ನೀನು ಕಲಿಸಿದ್ದೆ. ಅತ್ತಿಗೆ ಕೂಗುತ್ತಿದ್ದಳು. ನಾನು ನಿಲ್ಲಿಸಲಿಲ್ಲ, ಮುಳ್ಳು ಇಳಿದಿದೆ ಎಂದು ಅಪ್ಪನಿಗೂ ಹೇಳಲಿಲ್ಲ. ಅಜ್ಜಮ್ಮನೇ "ಅದೇನೋ ಕಟಕಟ ಅಂತೈತಲ್ಲೋ?" ಎಂದು ಕೇಳಿದಳು. ನಾನು ಓಡಿಸುತ್ತಲೇ ಇದ್ದೆ. ಇನ್ನೊಂದು ಮೈಲಿಗೆ ಇಂಜಿನ್ ಒಂದು ಸಲ ಒದ್ದು ಹಿಡಿದುಕೊಂಡು ನಿಂತುಬಿಟ್ಟಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಬಂಡೆಯ ಹಾಗೆ ಅಲುಗಲಿಲ್ಲ.

ಎರಡೂ ಕಡೆ ಕೊಯ್ಲಾದ ಗದ್ದೆ, ಜನ ಇಲ್ಲ. ಗಾಡಿ ಹುಡುಕಿಕೊಂಡು ಓಡಿದೆ. ಸಿಕ್ಕಿದ ಮೊದಲ ಊರಿನಲ್ಲಿ ಎತ್ತು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಗಾಡಿ ಕುಲುಕಿದರೆ ಅತ್ತಿಗೆಗೆ ತಡೆಯಲಾಗುವುದಿಲ್ಲ, ಭಾರ ಕಡಿಮೆಯಾಗಲಿ ಎಂದು ಅಜ್ಜಮ್ಮ ಇಳಿದು, ಅತ್ತಿಗೆಯ ಕೈ ಹಿಡಿದುಕೊಂಡು ಬರಿಗಾಲಲ್ಲಿ ಗಾಡಿಯ ಪಕ್ಕ ನಡೆದಳು. ಹೊನ್ನಾಳಿಯ ಹೊಳೆ ಕಾಣುವಲ್ಲಿ ಅವಳೇ ಗಾಡಿ ನಿಲ್ಲಿಸಲು ಹೇಳಿ, ಸೆರಗಿನಿಂದ ಅತ್ತಿಗೆಯ ಮುಖ ಮುಚ್ಚಿದಳು. ಕೂಸು ಒಳಗೇ ಹೋಯಿತು.

ಕಾರನ್ನು ರಾತ್ರಿ ಕೇರಿ ಮಲಗಿದ ಮೇಲೆ ಎತ್ತು ಕಟ್ಟಿ ಎಳೆಸಿ ತಂದು ಹಿತ್ತಲಿನಲ್ಲಿ ನಿಲ್ಲಿಸಿದೆ. ತಿಥಿ ಕಳೆದ ಮೇಲೆ ಡಬ್ಬಿ ಬಿಚ್ಚಿದೆ. ಕಂಬಳಿಯ ಮೇಲೆಲ್ಲ ಹಪ್ಪಳ ಮುರಿದ ಹಾಗೆ ಚೂರುಗಳು. ಎಣ್ಣೆ ಹೋಗುವ ಸಣ್ಣ ಕೊಳವೆಯಲ್ಲೂ ಅದೇ ಚೂರು, ಉಣ್ಣೆಯ ಎಳೆ ಸೇರಿ ಬಿರಡೆ ಹಾಕಿದ ಹಾಗೆ ಕೂತಿತ್ತು. ಮುಂದಿನ ಸಂತೆಗೆ ಬಂದ ಜುಂಜಪ್ಪನಿಗೆ ತೋರಿಸಿದೆ. "ಹುಣಸೆ ಬೀಜದ ಸರಿ, ಗಂಜಿ ಕಣಪ್ಪಾ ಇದು. ಹೊಸ ಕಂಬಳಿಗೆ ಅದನ್ನ ಬಳೀದಿದ್ರೆ ನೂಲು ನಿಲ್ಲಾಕಿಲ್ಲ. ನಾಕ್ ಮಳೆ ಕಂಡ್ ಮ್ಯಾಲೆ ಹೋಗ್ತೈತೆ. ಕಾದ್ರೆ ಉದುರ್ತೈತೆ" ಎಂದ. ನೀನು ಗೆರೆ ಎಳೆದದ್ದು ಯಾಕೆಂದು ಆಗ ತಿಳಿಯಿತು.

ಅವತ್ತೇ ಅಪ್ಪನಿಗೆ ಹೇಳಿದೆ. ಅಪ್ಪ ನನ್ನನ್ನು ಹೊಡೆಯಲಿಲ್ಲ. "ಒಬ್ಬಳನ್ನ ಮಣ್ಣಿಗಿಟ್ಟು ಬಂದೀನಿ. ಅಣ್ಣ ತಮ್ಮ ಬ್ಯಾರೆ ಆಗೋದನ್ನ ನೋಡಾಕೆ ನನ್ನ ಕೈಲಾಗಾಕಿಲ್ಲ. ಬಾಯಿ ಮುಚ್ಕೊಂಡಿರು" ಎಂದ. ನಿನಗೆ ಕಾಗದ ಬರೆಸುವಾಗ ಕಾರು ಕೆಟ್ಟ ವಿಷಯ ಬಿಟ್ಟು, ತಲುಪುವುದು ತಡವಾಯಿತು ಎಂದಷ್ಟೇ ಬರೆಸಿದ. ಅಮ್ಮನಿಗೂ ಕೇರಿಗೂ ಹೇಳಿದ್ದು ಅಷ್ಟೇ. ಆ ತಡವನ್ನು ನೀನು ಅಜ್ಜಮ್ಮನ ತಲೆಗೆ ಕಟ್ಟಿದೆ. ನಿನ್ನದು ತಪ್ಪಲ್ಲ, ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ಮೂರು ಜನ ಸುಮ್ಮನಿದ್ದೆವು. ಮೂರನೆಯವಳು ಅಜ್ಜಮ್ಮ. ಕಾರು ನಿಂತದ್ದನ್ನು ಕಣ್ಣಾರೆ ಕಂಡರೂ ಅವಳು ಯಾರಿಗೂ ಹೇಳಿಲ್ಲ. ಯಾಕೆಂದು ಮೊನ್ನೆ ಕೇಳಿದೆ. "ಹುಡುಗ ನೀನು, ಊರಲ್ಲಿ ಬಾಳಬೇಕು. ನನಗೇನು, ಇವತ್ತೋ ನಾಳೆಯೋ" ಎಂದು ಬಾಗಿಲು ಹಾಕಿಕೊಂಡಳು.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ. ನೀನು ಬಂದ ಮೇಲೆ ಮನೆಯಲ್ಲಿ ಇರಬೇಡ ಎಂದರೆ ಕತ್ತಲಗೆರೆಯ ಸೋದರಮಾವನ ಮನೆಗೆ ಹೋಗುತ್ತೇನೆ. ಅಜ್ಜಮ್ಮನದು ತಪ್ಪಿಲ್ಲ ಎಂದು ಎರಡು ಸಾಲು ಬರೆದು ಕಳಿಸು, ಮೇಷ್ಟ್ರು ಅದನ್ನೂ ಜಗುಲಿಯ ಮೇಲೆ ಓದಲಿ.

ಗುಂಡಿನ ಕಡೆ ಗಾಡಿ ಓಡಿಸುವಾಗ ಶಿವ ನಿನ್ನ ಬೆನ್ನಿಗಿರಲಿ. ಅಪ್ಪ ಅಮ್ಮನ ಆಶೀರ್ವಾದ ಯಾವಾಗಲೂ ಇದ್ದದ್ದೇ.

ನಿನ್ನ ತಮ್ಮ
ಬೆನಕಪ್ಪ

ತಾ.ಕ.: ಕಾಗದ ಮಡಿಸುತ್ತಿದ್ದೆ. ಎದುರು ಮನೆಯ ಲಕ್ಷ್ಮಕ್ಕನಿಗೆ ನೋವು ಶುರುವಾಗಿದೆ, ಚೊಚ್ಚಲು. ಅಜ್ಜಮ್ಮ ಎರಡೇ ಮನೆ ಆಚೆ ಇದ್ದಾಳೆ. ಆದರೂ ಲಕ್ಷ್ಮಕ್ಕನ ಅತ್ತೆ "ಆ ಮುದುಕಿ ಬ್ಯಾಡ" ಎಂದು ಚನ್ನಗಿರಿ ಕಡೆಯಿಂದ ಬೇರೆಯವಳನ್ನು ಕರೆಸಲು ಗಾಡಿ ಕಟ್ಟಿಸುತ್ತಿದ್ದಾಳೆ. ಅದು ಹೋಗಿ ಬರುವಷ್ಟರಲ್ಲಿ ನಾಳೆಯಾಗುತ್ತದೆ. ನಿನ್ನ ಉತ್ತರ ಬರುವವರೆಗೆ ಕಾಯಲಾರೆ ಅಣ್ಣ. ಈಗಲೇ ಹೋಗಿ ಅವರ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಊರು ನಿನಗಿಂತ ಮೊದಲು ಕೇಳುತ್ತದೆ, ಅದೊಂದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಚೆಪೆಟ್ಟಿಗೆಗೆ ಆಮೇಲೆ ಹೋಗುತ್ತೇನೆ.