ಎಂಟನೇ ಕಲ್ಲು

ಮಹಡಿ ಮನೆ, ಅಡುಗೆಕೋಣೆಯ ಮೇಜು
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ

ಮುದ್ದಿನ ತಮ್ಮಾ,

ಹೇಗಿದ್ದೀಯಪ್ಪಾ? ಮೆಟ್ಟಿಲು ಕಂಡರೆ ನಿನ್ನ ಮೊಣಕಾಲು ಈಗಲೂ ಮುನಿಸಿಕೊಳ್ಳುತ್ತದೆಯೇ? ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಕಾಲುಚೀಲದಲ್ಲಿ ತಿರುಗಬೇಡ. ರೈಲು ನಿಲ್ದಾಣದ ಹಿಂದಿನ ನಿನ್ನ ಬಾಡಿಗೆ ಕೋಣೆಗೆ ಇದು ನನ್ನ ಹತ್ತೊಂಬತ್ತನೇ ಕಾಗದ. ಒಂದಕ್ಕೂ ಉತ್ತರ ಬಂದಿಲ್ಲ, ಒಂದೂ ವಾಪಸ್ಸು ಬಂದಿಲ್ಲ. ಅಂಚೆಯವನನ್ನು ಕೇಳಿದರೆ, ವಾಪಸ್ ಬರಲಿಲ್ಲ ಅಂದಮೇಲೆ ಯಾರೋ ತಗೊಳ್ತಿದ್ದಾರೆ ಅಂತಲೇ ಅರ್ಥ ಅಮ್ಮಾ, ಅಂದ. ಆ ಅರ್ಥವನ್ನೇ ಹಿಡಿದುಕೊಂಡು ಕೂತಿದ್ದೇನೆ. ನಾನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದೇನೆ, ಎಡಗಿವಿ ಮಾತ್ರ ಮಂದವಾಗಿದೆ. ಆ ಕಡೆ ಕೂತವರು ಹೊಗಳಿದರೂ ಒಂದೇ, ಬೈದರೂ ಒಂದೇ.

ಸೇತುವೆ ಇಲಾಖೆಯವರು ನನ್ನನ್ನು ಇನ್ನೂ ಬಿಟ್ಟಿಲ್ಲ. ಹಿರಿಯ ಅಧಿಕಾರಿಗಳ ಸೋಮವಾರದ ಸಭೆ ಈಗಲೂ ನಾನೇ ನಡೆಸಬೇಕು. ಸೇತುವೆ ಕಟ್ಟುವವರಿಗೆ ಮಾತಾಡುವುದನ್ನು ಕಲಿಸುವ ಟೈಪಿಸ್ಟಮ್ಮ ಅಂತ ನಗುತ್ತಿದ್ದೆಯಲ್ಲ, ಅದು ನಿಜವೇ. ಮೂವತ್ತೊಂದು ವರ್ಷ ಮೂಲೆಯಲ್ಲಿ ಕೂತು ಸಭೆಗಳ ನಡಾವಳಿ ಬರೆದವಳು ನಾನು. ದೊಡ್ಡವರು ಒಬ್ಬರ ಮಾತಿನ ಮೇಲೊಬ್ಬರು ಬೀಳುವುದನ್ನು, ಕೊನೆಗೆ ಗಂಟಲು ದೊಡ್ಡದಿದ್ದವರೇ ಗೆಲ್ಲುವುದನ್ನು ನೋಡಿ ನೋಡಿ ಕಲಿತ ವಿದ್ಯೆ ಇದು. ನಿಯಮಗಳೂ ಅವೇ, ಕಲ್ಲುಗಳೂ ಅವೇ, ಚಿಕ್ಕಂದಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಹೊಳೆಗಲ್ಲುಗಳು. ತಲೆಗೊಂದು ಕಲ್ಲು. ಮಾತಾಡಿದವರು ತಮ್ಮ ಕಲ್ಲನ್ನು ನಡುವಿನ ಬೋಗುಣಿಗೆ ಹಾಕಬೇಕು. ಎಲ್ಲರದೂ ಬೀಳುವವರೆಗೆ ನಿರ್ದೇಶಕರು ಕೂಡ ಎರಡನೇ ಸಲ ಬಾಯಿ ತೆರೆಯುವಂತಿಲ್ಲ. ಗಡಿಯಾರ ಒಂದು ಹೊಡೆದರೆ ಸಭೆ ಮುಗಿಯಿತು. ನಡೆಸುವ ನನಗೆ ಮಾತ್ರ ಕಲ್ಲಿಲ್ಲ.

ನೀನು ಹೋದಮೇಲೆ ಏಳೇ ಉಳಿದವು. ಬಿಳಿ ಗೆರೆಯ ಎಂಟನೆಯದು ನಿನ್ನ ಜೇಬಿನಲ್ಲಿ ಹೊರಟುಹೋಯಿತು. ಆ ದಿನದ ಸುದ್ದಿಯನ್ನು ಹಿಂದಿನ ಹದಿನೆಂಟು ಕಾಗದಗಳಲ್ಲಿ ಎತ್ತಲೇ ಇಲ್ಲ ನಾನು. ಇವತ್ತು ಎತ್ತುತ್ತೇನೆ, ಸಿಟ್ಟಾಗಬೇಡ. ಇಲಾಖೆಯ ಎಂಜಿನಿಯರಾಗಿ ಹಳೇ ಸೇತುವೆಯ ಕಂಬಗಳನ್ನು ಸುತ್ತಿಗೆಯಿಂದ ಬಡಿದು, ಒಳಗೆ ಗಟ್ಟಿಯಿದ್ದು ಖಣ್ ಅನ್ನುತ್ತವೆಯೇ ಅಂತ ಕಿವಿಗೊಟ್ಟು ನೋಡಿ ಬಂದಿದ್ದೆ ನೀನು. ಬೆಳಿಗ್ಗೆ ಇದೇ ಮೇಜಿನ ಮುಂದೆ ನಿಂತು, "ಅಕ್ಕಾ, ಮೂರನೇ ಕಂಬ ಮಾತು ನಿಲ್ಲಿಸಿಬಿಟ್ಟಿದೆ" ಅಂದೆ. ನಾನು ಕನ್ನಡಕ ಹುಡುಕುತ್ತಿದ್ದೆ, ಹೂಂ ಅಂದೆನೇ ಹೊರತು ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಹೇಗಿದ್ದರೂ ಸಭೆಯಲ್ಲಿ ಹೇಳುತ್ತಾನಲ್ಲ ಅಂದುಕೊಂಡೆ. ಸಭೆಯಲ್ಲಿ ನಿನ್ನನ್ನು ಮೇಜಿನ ತುದಿಗೆ ಕೂರಿಸಿ ಕೊನೆಯ ಸರದಿ ಕೊಟ್ಟೆ. ತಮ್ಮನಿಗೆ ಮಣೆ ಹಾಕಿದಳು ಅಂತ ಯಾರೂ ಆಡಿಕೊಳ್ಳಬಾರದು ಅನ್ನುವ ನನ್ನ ದೊಡ್ಡಸ್ತಿಕೆ. ನೀನು ಕಲ್ಲು ಹಿಡಿದು ಎದ್ದು ನಿಲ್ಲುವುದಕ್ಕೂ ಗಡಿಯಾರ ಒಂದು ಹೊಡೆಯುವುದಕ್ಕೂ ಸರಿಹೋಯಿತು. "ಸಮಯ ಆಯ್ತು ತಮ್ಮಾ, ಮುಂದಿನ ವಾರಕ್ಕೆ ಇಟ್ಕೋ" ಅಂದೆ. ಬಣ್ಣ ಬಳಿದರೆ ಸಾಕು ಅಂತ ತೀರ್ಮಾನವಾಯಿತು. ಮಧ್ಯಾಹ್ನ ನಾನೇ ನಡಾವಳಿ ಟೈಪ್ ಮಾಡಿದೆ: ಎಲ್ಲರೂ ಮಾತಾಡಿದರು, ಆಕ್ಷೇಪಣೆ ಇಲ್ಲ. ಪ್ರತಿ ವಾರ ಬರೆಯುವ ಸಾಲು ಅದು, ಕೈ ತಾನಾಗಿಯೇ ಬಡಿಯಿತು. ಆಮೇಲೆ ನೀನು ಕೊಟ್ಟ ವರದಿಯನ್ನು ಅದೇ ಸಾಲು ತೋರಿಸಿ ವಾಪಸ್ ಮಾಡಿದರು. ನೀನು ಚೀಲ ಕಟ್ಟಿಕೊಂಡು ಹೊರಟೆ. ಇಪ್ಪತ್ತೆರಡು ತಿಂಗಳಾಯಿತು.

ಈಗಿನ ವಿಷಯಕ್ಕೆ ಬರುತ್ತೇನೆ. ಮೂರು ಸೋಮವಾರಗಳ ಹಿಂದೆ ಹಳೇ ಸೇತುವೆಯ ಫೈಲು ಮತ್ತೆ ಮೇಜಿಗೆ ಬಂತು. ಬಣ್ಣ ಮುಗಿದಿದೆ, ಜನಕ್ಕೆ ಬಿಟ್ಟುಕೊಡಬೇಕು. ಏಳು ಜನ, ಏಳು ಕಲ್ಲು. ಸಭೆ ಮುಗಿಸಿ ಬೋಗುಣಿ ಬಗ್ಗಿಸಿದರೆ ಎಂಟು ಬಿದ್ದವು. ನಿಮಗೂ ಮಾತಾಡೋ ಆಸೆ ಬಂತಾ ಅಮ್ಮಾ, ಅಂತ ನಿರ್ದೇಶಕರು ತಮಾಷೆ ಮಾಡಿದರು. ಎಂಟನೆಯದಕ್ಕೆ ಬಿಳಿ ಗೆರೆ ಇತ್ತು, ಈಗಷ್ಟೇ ನೀರಿನಿಂದ ತೆಗೆದ ಹಾಗೆ ಒದ್ದೆಯಾಗಿತ್ತು. ಮನೆಗೆ ತಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮುಂದಿನ ಸೋಮವಾರ ಎಲ್ಲರ ಎದುರೇ ಎಣಿಸಿ ಕೊಟ್ಟೆ, ಏಳು. ಏಳೂ ಬಿದ್ದವು. ಒಂದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಎರಡನೇ ಸುತ್ತು ಶುರು ಮಾಡೋಣ ಅಂತ ತಲೆ ಎತ್ತಿದರೆ ಯಾರೂ ನನ್ನನ್ನು ನೋಡುತ್ತಿಲ್ಲ. ಏಳೂ ಮುಖಗಳು ಮೇಜಿನ ತುದಿಗೆ ತಿರುಗಿವೆ, ನಿನ್ನ ಕುರ್ಚಿ ತೆಗೆಸಿ ಖಾಲಿಯಾದ ಜಾಗಕ್ಕೆ. ನಮ್ಮ ಹೂಂಗುಟ್ಟಪ್ಪ ಇದ್ದಾರಲ್ಲ, ಎಲ್ಲದಕ್ಕೂ ತಲೆಯಾಡಿಸುವ ಉಪನಿರ್ದೇಶಕರು, ಅವರು ಹೂಂ ಅನ್ನುತ್ತಾರೆ, ಸ್ವಲ್ಪ ತಡೆಯುತ್ತಾರೆ, ಮತ್ತೆ ಹೂಂ ಅನ್ನುತ್ತಾರೆ. ಎದುರಿಗಿದ್ದವರು ವಾಕ್ಯ ಮುಗಿಸಿದಾಗ ಅನ್ನುವ ಹೂಂ ಅದು. ಕಾನೂನು ವಿಭಾಗದ ಅಮ್ಮ ಕನ್ನಡಕ ತೆಗೆದು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ನನಗೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅಷ್ಟರಲ್ಲಿ ಬೋಗುಣಿಯಲ್ಲಿ ಟಣ್ ಅಂತು. ಎಲ್ಲರೂ ಫೈಲಿಗೆ ಕಣ್ಣು ಹಾಕಿದರು. ಈಗ ಹೇಳಿದ್ದೇನು ಅಂತ ಕೇಳಿದೆ. ಯಾರು ಹೇಳಿದ್ದು ಅಮ್ಮಾ, ಅಂದರು ನಿರ್ದೇಶಕರು. "ಎಲ್ಲರೂ ಮಾತಾಡಿ ಆಯ್ತಲ್ಲ?"

ನನ್ನದೇ ಸಾಲು ತಮ್ಮಾ.

ಬಿದ್ದದ್ದು ಟ್ರಂಕಿನಲ್ಲಿಟ್ಟಿದ್ದ ಬಿಳಿ ಗೆರೆಯದೇ, ತಂದು ಮತ್ತೆ ಅಲ್ಲೇ ಇಟ್ಟು ಬೀಗ ಹಾಕಿದೆ. ಈ ಸೋಮವಾರವೂ ಹಾಗೇ ಆಯಿತು. ಮೆಟ್ಟಿಲಿಳಿಯುವಾಗ ಹೂಂಗುಟ್ಟಪ್ಪ ನನ್ನನ್ನು ತಡೆದು ನಿಲ್ಲಿಸಿದರು. "ಯಾರೋ ಪಾಪ, ಒಂದೇ ಮಾತನ್ನ ಮತ್ತೆ ಮತ್ತೆ ಹೇಳ್ತಿದ್ದಾರೆ ಅನ್ನಿಸುತ್ತೆ ಅಮ್ಮಾ. ಏನು ಅಂತ ಮಾತ್ರ ನೆನಪಿಗೇ ಬರಲ್ಲ." ಕೇಳಿದವರಿಗೆ ನೆನಪಿಲ್ಲ, ಬರೆಯುವವಳಿಗೆ ಕೇಳಿಸುವುದಿಲ್ಲ. ಬರುವ ಸೋಮವಾರ ಸಹಿ, ಮಂಗಳವಾರದಿಂದ ಬಸ್ಸುಗಳು ಓಡುತ್ತವೆ. ಮಂಗಳವಾರದ ಬಸ್ಸಿನಲ್ಲಿ ಯಾರು ಯಾರು ಇರುತ್ತಾರೋ.

ನಿನ್ನೆ ನಿರ್ದೇಶಕರ ಕೋಣೆಗೆ ಹೋಗಿ ಮೂರನೇ ಕಂಬದ ಮಾತೆತ್ತಿದೆ. ಅವರು ಕೆಟ್ಟವರಲ್ಲ, ಕೂರಿಸಿ ಚಹಾ ತರಿಸಿದರು. ಆಮೇಲೆ ನಡಾವಳಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನೀವೇ ಬರೆದದ್ದಲ್ವಾ?" ಅಂದರು. ಕೆಳಗೆ ನನ್ನ ರುಜು. ಚಹಾ ಅಲ್ಲೇ ಬಿಟ್ಟು ಎದ್ದೆ.

ಅಲ್ಲಿಂದ ಮನೆಗೆ ಬಂದು, ಬಾಗಿಲ ಹಿಂದೆ ನೀನು ಬಿಟ್ಟುಹೋದ ಸುತ್ತಿಗೆ ತಗೊಂಡು ಹೊಳೆಗೆ ಇಳಿದೆ. ಈ ವಯಸ್ಸಿನಲ್ಲಿ, ಸೀರೆ ಎತ್ತಿಕಟ್ಟಿಕೊಂಡು, ನೀನು ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ. ಮೊದಲ ಕಂಬ ಖಣ್ ಅಂತು. ಎರಡನೆಯದೂ ಖಣ್ ಅಂತು. ಮೂರನೆಯದಕ್ಕೆ ಹೊಡೆದರೆ ದಿಂಬಿಗೆ ಹೊಡೆದ ಹಾಗೆ, ಸದ್ದೇ ಇಲ್ಲ. ಬಲಗಿವಿ ಒತ್ತಿ ಹಿಡಿದೆ. ಒಳಗೆ ತುಂಬ ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು, ಮಾತಾಡಲು ಎದ್ದು ನಿಂತವರು ಮಾಡುತ್ತಾರಲ್ಲ, ಹಾಗೆ. ನೀರಿನ ಸದ್ದೇ ಇರಬಹುದು.

ಟೈಪಿಸ್ಟಮ್ಮನ ಕಿವಿಯನ್ನು, ಅದೂ ಅರ್ಧ ಕಿವಿಯನ್ನು, ಎಂಜಿನಿಯರುಗಳು ನಂಬಲಿಕ್ಕಿಲ್ಲ. ಆದರೆ ಆ ಸಾಲು ನನ್ನದು, ಅದನ್ನು ಹೊಡೆದುಹಾಕುವ ಹಕ್ಕೂ ನನ್ನದೇ. ಸೋಮವಾರ ಎಲ್ಲರಿಗಿಂತ ಮೊದಲು ನಿನ್ನ ಕಲ್ಲನ್ನು ಬೋಗುಣಿಗೆ ಹಾಕಿ ಹೇಳುತ್ತೇನೆ: ಅವತ್ತು ಎಲ್ಲರೂ ಮಾತಾಡಲಿಲ್ಲ, ಒಬ್ಬನ ಬಾಯಿ ನಾನು ಮುಚ್ಚಿಸಿದೆ, ನಡಾವಳಿ ಸುಳ್ಳು. ಸುಳ್ಳು ನಡಾವಳಿಯ ಮೇಲೆ ಸಹಿ ಹಾಕಿದರೆ ಹೊಣೆ ಯಾರದು ಅಂತ ಕಾನೂನಿನ ಅಮ್ಮನನ್ನೇ ಕೇಳುತ್ತೇನೆ. ಕಂಬವನ್ನು ಮತ್ತೊಮ್ಮೆ ಪರೀಕ್ಷಿಸದೆ ಆಮೇಲೆ ಅವರಿಗೆ ದಾರಿಯಿಲ್ಲ. ನನ್ನನ್ನು ಮನೆಗೆ ಕಳಿಸಿದರೆ ಕಳಿಸಲಿ.

ನೀನು ಎಲ್ಲೇ ಇರು, ಬೆಚ್ಚಗಿರು. ಇನ್ನು ಮುಂದೆ ನಿನ್ನ ಮಾತಿಗೆ ಯಾರೂ ಅಡ್ಡ ಬಾರದಿರಲಿ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಮಾತು ಕಲಿಸಿದ
ಅಕ್ಕ

ಮತ್ತೆ, ಲಕೋಟೆ ಅಂಟಿಸುವ ಮುಂಚೆ ಕಲ್ಲುಗಳನ್ನು ಎಣಿಸಿಡೋಣ ಅಂತ ಟ್ರಂಕು ತೆಗೆದೆ. ಬೀಗ ಹಾಕಿದ ಹಾಗೇ ಇತ್ತು. ಬಿಳಿ ಗೆರೆಯದು ಇಲ್ಲ, ಸುತ್ತಿದ್ದ ಬಟ್ಟೆ ತೊಯ್ದು ತೊಪ್ಪೆಯಾಗಿದೆ. ನನ್ನ ಸಾಲನ್ನು ಕಲ್ಲಿಲ್ಲದೆಯೇ ಹೊಡೆದುಹಾಕುತ್ತೇನೆ, ಬಿಡು. ನಿನ್ನ ಸರದಿ ನಿನ್ನ ಕೈಲೇ ಇರಲಿ. ಗಡಿಯಾರ ಇಳಿಸಿಡಲು ಹೇಳಿದ್ದೇನೆ. ಕುರ್ಚಿಯನ್ನು ಈ ಸಲ ತುದಿಯಲ್ಲಲ್ಲ, ನನ್ನ ಬಲಗಡೆ ಹಾಕಿಸುತ್ತೇನೆ, ಆ ಕಿವಿ ಚೆನ್ನಾಗಿದೆ. ಸೋಮವಾರ ಹತ್ತು ಗಂಟೆಗೆ. ಇದ್ದರೆ ಬಾ. ಇಲ್ಲದಿದ್ದರೂ ಬಾ.