ಸಿಡಿಲಣ್ಣನ ಹಣೆಗೆ ಕುಂಕುಮ

ಅಕ್ಟೋಬರ್ 1, ಬುಧವಾರ. ಕೊಪ್ಪ.

ಬೆಳಗ್ಗೆ ಆಯುಧಪೂಜೆಗೆಂದು ನಾನು ಸ್ಕೂಟರ್ ತೊಳೆಯುತ್ತಿದ್ದಾಗ, ಅತ್ತೆ ಬೀರುವಿನಿಂದ ನನ್ನ ಕಾಮಿಕ್ಸ್‌ಗಳನ್ನೆಲ್ಲ ತೆಗೆದು, ಪ್ಲಾಸ್ಟಿಕ್ ಕವರು ಬಿಚ್ಚಿ, ಕುಡುಗೋಲು, ಮಿಕ್ಸಿಯ ಪಕ್ಕ ಜೋಡಿಸಿ, ಅರಿಸಿನ ಕುಂಕುಮ ಇಟ್ಟುಬಿಟ್ಟಿದ್ದರು. ಸಿಡಿಲಣ್ಣನ ಸರಣಿಗೆ, ಅವನ ತಂಗಿ ಮಿಂಚಮ್ಮನ ಸರಣಿಗೆ, ಅವರ ನಾಯಿಯ ಸರಣಿಗೂ! ಕಾಲೇಜಿನ ದಿನಗಳಿಂದ ಕೂಡಿಸಿದ್ದು, ಬೆರಳಿನ ಗುರುತೂ ಬೀಳದ ಹಾಗೆ.

"ಏನತ್ತೆ ಇದು?" ಎಂದು ಕೂಗಾಡಿದೆ.

"ನಿನ್ ಪ್ರಾಣ ಇರೋದೇ ಅದ್ರಲ್ಲಿ. ಪೂಜೆ ಮಾಡ್ದೆ ಬುಡಕ್ಕಾಯ್ತದಾ?" ಎಂದರು.

ಸಂಜೆ ಒಂದೊಂದನ್ನೇ ಒರೆಸುತ್ತಾ ಕೂತೆ. ಒಂದು ಮಾತ್ರ ಚೊಕ್ಕಟವಾಗಿತ್ತು. ಸಿಡಿಲಣ್ಣನ ಗೆಳೆಯ ಕಾರ್ಮುಗಿಲನದು. ಇದನ್ನೇಕೆ ಬಿಟ್ಟಿರಿ ಎಂದು ಕೇಳಿದೆ.

"ಆ ಮನೆಹಾಳ್ನಿಗ್ಯಾಕವ್ವ ಕುಂಕ್ಮ? ಜೊತೇಲೇ ಉಂಡು ಮೋಸ ಮಾಡ್ದೋನು" ಎಂದು ಅಡುಗೆಮನೆಯಿಂದಲೇ ಗದರಿದರು.

ಮುಖಪುಟದಲ್ಲಿ ಅವನು ಸಿಡಿಲಣ್ಣನ ಹೆಗಲಿಗೆ ಕೈಹಾಕಿ ನಗುತ್ತಿದ್ದಾನೆ. ಮೋಸ ಗೊತ್ತಾಗುವುದು ಕೊನೆಯ ಪುಟದಲ್ಲಿ.

ಮಕ್ಕಳ ಪುಸ್ತಕ ಎಂದು ಮೂಗು ಮುರಿಯುತ್ತಿದ್ದವರು! ನಾನು ಆಫೀಸಿಗೆ ಹೋದ ಮೇಲೆ ಎಲ್ಲವನ್ನೂ ಓದಿ, ಮತ್ತೆ ಕವರಿಗೆ ಹಾಕಿ ಇಟ್ಟಿದ್ದಾರೆ, ಒಂದು ಮಡಿಕೆಯೂ ಬೀಳದ ಹಾಗೆ.

ಒರೆಸುವುದನ್ನು ನಿಲ್ಲಿಸಿದೆ. ಇರಲಿ ಕುಂಕುಮ.

ಕಾರ್ಮುಗಿಲನ ಮುಂದಿನ ಸಂಚಿಕೆ ನನ್ನಲ್ಲಿಲ್ಲ. ನನ್ನಂತೆಯೇ ಕಾಮಿಕ್ಸ್ ಕೂಡಿಸುವ ಮಂಡ್ಯದ ಆಸಿಮ್ ಬಳಿ ಇದೆಯಂತೆ, ಭಾನುವಾರ ಹೋಗಿಯೇ ತರಬೇಕು. ಆ ಮೋಸಗಾರ ಕೊನೆಗೆ ಸಿಕ್ಕಿಬಿದ್ದನೋ ಇಲ್ಲವೋ, ಪಾಪ ಅತ್ತೆ, ಯಾರನ್ನೂ ಕೇಳಲಾರದೆ ಎಷ್ಟು ದಿನದಿಂದ ಕಾಯುತ್ತಿದ್ದಾರೋ.