ಕಂಪ್ಯೂಟರಿನ ಮುಂದೆ ಮೂವರು

ಇಚಲಕರಂಜಿ
೨೩-೧೧-೧೯೮೬

ಪ್ರೀತಿಯ ಗೆಳತಿ ಶೆವಂತಾಳಿಗೆ ಶಾಲನಳ ನೆನಪುಗಳು.

ನೀನು ಚೆನ್ನಾಗಿದ್ದೀಯೆಂದು ತಿಳಿದಿದ್ದೇನೆ. ದೀಪಾವಳಿ ಮುಗಿದು ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ. ಏನು ಮಾಡಲಿ, ಹಬ್ಬಕ್ಕೆಂದು ನಾಲ್ಕು ದಿನ ಕರೆತಂದ ಚಂಪಾ ಅತ್ತೆ ನನ್ನನ್ನು ಇನ್ನೂ ಗಡಹಿಂಗ್ಲಜಕ್ಕೆ ಬಿಟ್ಟಿಲ್ಲ. ಓಣಿಯ ತುಂಬ ಮಗ್ಗಗಳ ಸದ್ದು. ಬಾಗಿಲಿಗೆ ಹೋದರೆ "ಎಲ್ಲಿಗೆ ಹೊಂಟಿ?" ಎನ್ನುತ್ತಾರೆ, ಕಿಟಕಿಗೆ ಹೋದರೆ "ಅಲ್ಲಿ ಯಾರದಾರ?" ಎನ್ನುತ್ತಾರೆ. ಕುಳಿತು ನೂಲು ಸುತ್ತುತ್ತೇನೆ.

ಇಂಗ್ಲಿಷ್ ತಾಸೆಂದರೆ ಆಕಳಿಸುತ್ತಿದ್ದ ನಾವು ಶಾಲೆಗೆ ಆ ಕಂಪ್ಯೂಟರ್ ಬಂದ ಮೇಲೆ ಗಂಟೆಗೆ ಮೊದಲೇ ಚಪ್ಪಲಿ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದೆವು. ಪರದೆಯ ತುಂಬ ಒಂದು ಇಂಗ್ಲಿಷ್ ಕಥೆ, ಆದರೆ ಅಕ್ಷರಗಳಿರಬೇಕಾದಲ್ಲಿ ಬರೀ ಗೆರೆಗಳು. ನೀನು, ನಾನು, ಕೃಷ್ಣಾತ ಮೂವರೂ ಕೂಡಿ ಒಂದು ಶಬ್ದ ಊಹಿಸಿ ಒತ್ತಿದರೆ, ಅದು ಕಥೆಯಲ್ಲಿ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಎದ್ದು ಬರುತ್ತಿತ್ತು. ಒಬ್ಬಳೇ ಆಗಿದ್ದರೆ ನಾನು ಬಾಯಿಯೇ ತೆರೆಯುತ್ತಿರಲಿಲ್ಲ. ನೀನು ಜಗಳ ತೆಗೆಯುತ್ತಿದ್ದೆ, ಕೃಷ್ಣಾತ ಡಿಕ್ಷನರಿ ತಿರುವುತ್ತಿದ್ದ, ನಿಮ್ಮಿಬ್ಬರ ನಡುವೆ ನನಗೂ ಇಂಗ್ಲಿಷ್ ಬಂತು. "ಅಂಜುಬುರಕರು ನಡುವ ಕುಂದರಬೇಕು, ಬಟನ್ ಅವರ ಕೈಯಾಗ ಇರಬೇಕು," ಎಂದು ಬಸವಣ್ಣೆಪ್ಪ ಸರ್ ನನ್ನನ್ನು ನಡುವೆ ಕೂಡಿಸಿದರಲ್ಲ, ಆ ಜಾಗ ನಿನಗೆ ಬೇಕಿತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ, ಹುಚ್ಚಿ.

ಇಲ್ಲಿಯ ಸುದ್ದಿ ಬರೆಯಲು ಕೈ ಏಳುತ್ತಿಲ್ಲ. ಅತ್ತೆ ನನ್ನನ್ನು ತನ್ನ ಮಗ ಜಿನಗೊಂಡನಿಗೆ ತಂದುಕೊಳ್ಳುತ್ತಾಳಂತೆ. ಅಪ್ಪ ಬಂದು ಮಾತು ಕೊಟ್ಟು ಹೋದ. ಹತ್ತನೆಯದಾದರೂ ಮುಗಿಸುತ್ತೇನೆಂದು ಕಾಲು ಹಿಡಿದೆ. "ಸೋದರತ್ತಿ ಮನಿ, ಹೊರಗಿನವ್ರೇನಲ್ಲ. ಸಾಲಿ ಸಾಕವ್ವಾ," ಎಂದ. ಜಿನಗೊಂಡ ಕೆಟ್ಟವನಲ್ಲ. "ಆ ಮಶೀನ ನಿನಗ ಭಾಳ ಸೇರತಿತ್ತೇನ?" ಎಂದು ಮೊನ್ನೆ ಕೇಳಿದ. ಹೌದೆಂದೆ. "ಅವ್ವಗ ಹೇಳೂದು ನನ್ನ ಕೈಲಿ ಆಗೂದಿಲ್ಲ," ಎಂದು ಮಗ್ಗದ ಕಡೆಗೆ ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅದೇ ದೊಡ್ಡ ಸಂಕಟ. ಈ ಕಾಗದ ಟಪಾಲಿಗೆ ಹಾಕುವವನೂ ಅವನೇ.

ನೀನಾದರೂ ಶಾಲೆ ತಪ್ಪಿಸಬೇಡ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನಿನ್ನನ್ನು ಮೀರಿಸುವವರು ಯಾರೂ ಇಲ್ಲದಿರಲಿ, ನಿನಗೆ ಎಲ್ಲ ಒಳ್ಳೆಯದಾಗಲಿ. ಸರ್ ಅವರಿಗೆ ನಮಸ್ಕಾರ ತಿಳಿಸು.

ನಿನ್ನ
ಶಾಲನ

ತಾ.ಕ.: ನಿನ್ನ ಅವ್ವನಿಗೆ ನಮಸ್ಕಾರ ಬರೆದಿಲ್ಲ, ನೋಡಿರಬೇಕು. ಸಂತೆಯಲ್ಲಿ ಅಪ್ಪನನ್ನು ನಿಲ್ಲಿಸಿ, "ನಿಮ್ಮ ಶಾಲನ ದಿನಾ ಹುಡುಗನ ಬಾಜೂಕ ಕುಂದರತಾಳಂತರಿ, ಕೈಗೆ ಕೈ ಹತ್ತತಾವಂತ," ಎಂದು ಹೇಳಿದವಳು ಅವಳೇ ಅಂತೆ. ನಿನ್ನೆ ಅತ್ತೆಯ ಬಾಯಿಂದ ಬಂತು. ಆ ಕೋಣೆಯ ಮಾತನ್ನು ನಿಮ್ಮ ಮನೆಗೆ ಒಯ್ಯುವವರು ಬೇರೆ ಯಾರಿದ್ದರು, ಶೆವಂತಾ? ಹೇಳಿದ್ದು ನೀನಲ್ಲ ಎಂದು ಒಂದು ಸಾಲು ಬರೆ. ಸುಳ್ಳಾದರೂ ನಂಬುತ್ತೇನೆ.